ಭಾಷೆ ನಿಧಾನವೋ, ಕಂಪೈಲರ್ ನಿಧಾನವೋ?

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದ ವಿದ್ಯಾರ್ಥಿನಿ. ಪೈಥಾನ್ ನಿಧಾನ, ಸಿ ವೇಗ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮೇಷ್ಟ್ರು ಮಾತ್ರ 'ಭಾಷೆಗೆ ವೇಗ ಅಂತ ಇರೋದೇ ಇಲ್ಲ, ವೇಗ ಇರೋದು ಅದರ ಕಂಪೈಲರ್‌ಗೆ' ಅನ್ನುತ್ತಾರೆ. ಹಾಗಿದ್ದರೆ ಜಾಣ ಕಂಪೈಲರ್ ಒಂದನ್ನು ಬರೆದು ಪೈಥಾನನ್ನೇ ಸಿ ಮಟ್ಟಕ್ಕೆ ತರಬಹುದಲ್ಲ? ರಸ್ಟ್‌ನಂಥ ಹೊಸ ಭಾಷೆಗಳನ್ನು ಯಾಕೆ ಮಾಡುತ್ತಾರೆ? ಮುಂದೆ ಎಂ.ಟೆಕ್. ಮಾಡುವ ಆಸೆ ಇದೆ. ಭಾಷಾ ವಿನ್ಯಾಸ ಹಿಡಿಯಲೋ, ಕಂಪೈಲರ್ ಆಪ್ಟಿಮೈಸೇಶನ್ ಹಿಡಿಯಲೋ?

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಅರ್ಧ ನಿಜ. ಆ ಅರ್ಧಕ್ಕೆ ಜಾವಾಸ್ಕ್ರಿಪ್ಟ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1995ರಲ್ಲಿ ಹುಟ್ಟಿದಾಗ ಅದು ವೆಬ್ ಪುಟಗಳಲ್ಲಿ ಚಿಲ್ಲರೆ ಕೆಲಸಕ್ಕೆಂದು ಇದ್ದ ಭಾಷೆ. 2008ರಲ್ಲಿ ಕ್ರೋಮ್ ಬ್ರೌಸರ್ ಜೊತೆ, ಜಾವಾಸ್ಕ್ರಿಪ್ಟನ್ನು ಕಂಪೈಲ್ ಮಾಡಿ ಓಡಿಸುವ ವಿ8 ಎಂಜಿನ್ ಬಂತು. ಭಾಷೆಯಲ್ಲಿ ಒಂದಕ್ಷರವೂ ಬದಲಾಗದೆ, ಅವೇ ಹಳೆಯ ಪ್ರೋಗ್ರಾಂಗಳು ಹಲವು ಪಟ್ಟು ವೇಗವಾಗಿ ಓಡತೊಡಗಿದವು. ಇಲ್ಲಿ ಗೆದ್ದದ್ದು ಪೂರ್ತಿಯಾಗಿ ಕಂಪೈಲರ್ ಬರೆದವರೇ.

ಉಳಿದರ್ಧ ಇರುವುದು ಕಂಪೈಲರ್‌ನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದರಲ್ಲಿ. ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವಾಗ ಕಂಪೈಲರ್ ಅದನ್ನು ಹೇಗೆ ಬೇಕಾದರೂ ತಿರುಚಬಹುದು, ಒಂದೇ ಷರತ್ತು: ಪ್ರೋಗ್ರಾಂ ಹೊರಗೆ ತೋರಿಸುವ ಫಲಿತಾಂಶ ಬದಲಾಗಕೂಡದು. ಯಾವುದು ಬದಲಾದರೆ ಪರವಾಗಿಲ್ಲ, ಯಾವುದು ಬದಲಾಗಲೇಬಾರದು ಎಂದು ಗೆರೆ ಎಳೆಯುವವರು ಕಂಪೈಲರ್ ಬರೆಯುವವರಲ್ಲ, ಭಾಷೆಯನ್ನು ರೂಪಿಸಿದವರು. ಆ ಗೆರೆ ಎಳೆದಾದ ಮೇಲೆ ಎಂಥ ಬುದ್ಧಿವಂತರನ್ನು ತಂದು ಕೂರಿಸಿದರೂ ಅವರು ಗೆರೆಯೊಳಗೇ ಆಡಬೇಕು.

ಮಾತಿನಲ್ಲಿ ಹೇಳಿದರೆ ಇದು ಗಾಳಿಯಲ್ಲಿ ಉಳಿಯುತ್ತದೆ, ಒಂದು ಪುಟ್ಟ ಫಂಕ್ಷನ್ ನೋಡೋಣ. ಸಿ ಭಾಷೆಯಲ್ಲಿ ಎ, ಬಿ, ಔಟ್ ಎಂಬ ಮೂರು ಫ್ಲೋಟ್ ಪಾಯಿಂಟರ್‌ಗಳನ್ನೂ (ದಶಮಾಂಶ ಸಂಖ್ಯೆಗಳ ಸಾಲು ಮೆಮೊರಿಯಲ್ಲಿ ಎಲ್ಲಿ ಶುರುವಾಗುತ್ತದೆ ಎಂದು ತೋರಿಸುವ ವಿಳಾಸಗಳು) ಉದ್ದವನ್ನೂ ತೆಗೆದುಕೊಳ್ಳುವ ಫಂಕ್ಷನ್. ಒಳಗಿರುವುದು ಒಂದೇ ಸಾಲಿನ ಲೂಪ್: ಎ-ಯ ಪ್ರತಿ ಅಂಶಕ್ಕೆ ಬಿ-ಯಲ್ಲಿ ಅದೇ ಸ್ಥಾನದಲ್ಲಿರುವ ಅಂಶವನ್ನು ಕೂಡಿಸಿ, ಔಟ್‌ನ ಅದೇ ಸ್ಥಾನದಲ್ಲಿ ಇಡು. ಇವತ್ತಿನ ಸಾಮಾನ್ಯ ಲ್ಯಾಪ್‌ಟಾಪ್ ಪ್ರೊಸೆಸರ್‌ನಲ್ಲಿ 256 ಬಿಟ್ ಅಗಲದ ವೆಕ್ಟರ್ ರಿಜಿಸ್ಟರ್‌ಗಳಿವೆ. 32 ಬಿಟ್‌ನ 8 ಫ್ಲೋಟ್‌ಗಳನ್ನು ಒಂದೇ ಏಟಿಗೆ ಕೂಡಬಹುದು. ಕಂಪೈಲರ್‌ಗೂ ಅದೇ ಆಸೆ. ಆದರೆ ಔಟ್ ಎಂಬುದು ಎ ಶುರುವಾಗುವ ಜಾಗಕ್ಕಿಂತ ಸರಿಯಾಗಿ ಒಂದು ಮನೆ ಮುಂದೆ ತೋರಿಸುತ್ತಿದ್ದರೆ? ಆಗ ಮೊದಲ ಸುತ್ತಿನಲ್ಲಿ ಬರೆದ ಉತ್ತರವೇ ಎರಡನೇ ಸುತ್ತಿನಲ್ಲಿ ಓದಬೇಕಾದ ಎ-ಯ ಅಂಶ. ಎಂಟನ್ನೂ ಒಟ್ಟಿಗೆ ಮೊದಲೇ ಓದಿಬಿಟ್ಟರೆ ಹಳೆಯ ಬೆಲೆ ಓದಿದಂತಾಗಿ ಲೆಕ್ಕ ತಪ್ಪುತ್ತದೆ.

ಆ ಫಂಕ್ಷನನ್ನು ಹಾಗೆ ಕರೆಯುವ ಪುಣ್ಯಾತ್ಮರು ಯಾರೂ ಇರಲಿಕ್ಕಿಲ್ಲ. ಆದರೂ ಸಿ ಅದಕ್ಕೆ ಅವಕಾಶ ಕೊಟ್ಟಿದೆ, ಹಾಗಾಗಿ ಕಂಪೈಲರ್ ಆ ಯಾರೂ ಮಾಡದ ಕೆಲಸವನ್ನೂ ಗೌರವಿಸಬೇಕು. ಜಿಸಿಸಿ, ಕ್ಲಾಂಗ್ ಎಂಬ ಸಿ ಕಂಪೈಲರ್‌ಗಳೆರಡೂ ಏನು ಮಾಡುತ್ತವೆ ಎಂದರೆ, ಲೂಪಿನ ಎರಡು ಪ್ರತಿ ಇಟ್ಟುಕೊಳ್ಳುತ್ತವೆ: ಒಂದು ವೇಗದ್ದು, ಒಂದು ಒಂದೊಂದಾಗಿ ಕೂಡುವಂಥದ್ದು. ಶುರುವಿನಲ್ಲಿ ಪಾಯಿಂಟರ್‌ಗಳು ಒಂದರ ಮೇಲೊಂದು ಬೀಳುತ್ತವೆಯೇ ಎಂದು ಓಡುವ ಹೊತ್ತಿನಲ್ಲೇ ಪರೀಕ್ಷಿಸಿ ಯಾವುದೋ ಒಂದು ಪ್ರತಿಗೆ ಹಾರುತ್ತವೆ. ಮೂರು ಪಾಯಿಂಟರ್‌ಗೆ ಇದು ಪರವಾಗಿಲ್ಲ. ಹವಾಮಾನ ಮಾದರಿಯಂಥ ಪ್ರೋಗ್ರಾಂನಲ್ಲಿ ಲೂಪಿನೊಳಗೆ ಲೂಪು, ಹತ್ತಾರು ಅರೇಗಳು ಇದ್ದಾಗ ಪರೀಕ್ಷೆಗಳ ಸಂಖ್ಯೆ ಬೆಳೆದು, ಒಂದು ಹಂತದಲ್ಲಿ ಕಂಪೈಲರ್ ಕೈಚೆಲ್ಲುತ್ತದೆ.

ಇದನ್ನೇ ಫೋರ್ಟ್ರಾನ್‌ನಲ್ಲಿ ಬರೆದರೆ ಪರೀಕ್ಷೆಯೇ ಬೇಕಿಲ್ಲ. ಸಬ್‌ರೂಟೀನ್ ಒಂದು ತನಗೆ ಬಂದ ಅರೇಗೆ ಬರೆಯುವುದಾದರೆ, ಅದು ಇನ್ನೊಂದು ಆರ್ಗ್ಯುಮೆಂಟಿನ ಮೇಲೆ ಬಿದ್ದಿರಕೂಡದು ಎಂದು ಆ ಭಾಷೆಯ ಸ್ಟ್ಯಾಂಡರ್ಡೇ ಹೇಳುತ್ತದೆ. ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡ 1954ರಲ್ಲಿ ಕೆಲಸ ಶುರು ಮಾಡಿ 1957ರಲ್ಲಿ 704 ಯಂತ್ರಕ್ಕೆ ಫೋರ್ಟ್ರಾನ್ ಕಂಪೈಲರ್ ಕೊಟ್ಟಾಗ ಅವರಿಗಿದ್ದ ಭಯ ಒಂದೇ: ಹೊರಬರುವ ಕೋಡು ಕೈಯಿಂದ ಬರೆದ ಅಸೆಂಬ್ಲಿಗೆ ಸಾಟಿಯಾಗದಿದ್ದರೆ ಇದನ್ನು ಯಾರೂ ಮೂಸಿ ನೋಡುವುದಿಲ್ಲ. ವೇಗದ ಚಿಂತೆ ಆ ಭಾಷೆಗೆ ಹುಟ್ಟಿನಿಂದಲೇ ಅಂಟಿದ್ದು. ಇವತ್ತಿಗೂ ಸೂಪರ್‌ಕಂಪ್ಯೂಟರ್‌ಗಳಲ್ಲಿ ಫೋರ್ಟ್ರಾನ್ ಜೀವಂತವಾಗಿರುವುದಕ್ಕೆ ಹಳೆಯ ಕೋಡಿನ ರಾಶಿ ಒಂದು ಕಾರಣವಾದರೆ, ಈ ನಿಯಮವೂ ಒಂದು ಕಾರಣ.

ಸಿ ತಡವಾಗಿ ಎಚ್ಚೆತ್ತಿತು. 1999ರ ಸ್ಟ್ಯಾಂಡರ್ಡಿನಲ್ಲಿ 'ರಿಸ್ಟ್ರಿಕ್ಟ್' ಎಂಬ ಕೀವರ್ಡ್ ಬಂತು. ಈ ಪಾಯಿಂಟರ್ ತೋರಿಸುವ ಜಾಗಕ್ಕೆ ಬೇರೆ ದಾರಿಯಿಂದ ಯಾರೂ ಬರುವುದಿಲ್ಲ ಎಂದು ಪ್ರೋಗ್ರಾಮರ್ ಕೊಡುವ ಮಾತು ಅದು. ಕೊಟ್ಟ ಮಾತು ನಿಜವೇ ಎಂದು ಯಾರೂ ನೋಡುವುದಿಲ್ಲ. ತಪ್ಪಿದರೆ ಉತ್ತರ ಸದ್ದಿಲ್ಲದೆ ಕೆಡುತ್ತದೆ. ಹಾಗಾಗಿ ಬಳಸುವವರೂ ಕಡಿಮೆ.

ರಸ್ಟ್ ಬಂದದ್ದು ಇಲ್ಲಿಗೆ. ಒಂದು ಜಾಗವನ್ನು ಬದಲಿಸಬಲ್ಲ ರೆಫರೆನ್ಸ್ ಇದ್ದಾಗ ಅದೇ ಜಾಗಕ್ಕೆ ಇನ್ನೊಂದು ರೆಫರೆನ್ಸ್ ಬಳಕೆಯಲ್ಲಿರುವಂತಿಲ್ಲ ಎಂಬುದು ಅದರ ಮೂಲ ನಿಯಮ, ಮತ್ತು ಅದನ್ನು ಕಂಪೈಲರೇ ಕಾಯುತ್ತದೆ. ಮೆಮೊರಿ ಸುರಕ್ಷತೆಗೆಂದು ಮಾಡಿದ ನಿಯಮ ಆಪ್ಟಿಮೈಸರ್‌ಗೆ (ಕೋಡನ್ನು ವೇಗಗೊಳಿಸುವ ಕಂಪೈಲರ್ ಭಾಗಕ್ಕೆ) ಪುಕ್ಕಟೆ ಸಿಕ್ಕ ಮಾಹಿತಿಯಾಯಿತು. ಮುಂದಿನ ಕಥೆ ತಮಾಷೆಯಾಗಿದೆ. ರಸ್ಟ್ ಈ ಮಾಹಿತಿಯನ್ನು, ಯಂತ್ರದ ಕೋಡು ತಯಾರಿಸಿಕೊಡುವ ತನ್ನ ಹಿಂಬದಿಯ ಎಲ್‌ಎಲ್‌ವಿಎಂಗೆ ಕೊಟ್ಟ ಕೂಡಲೇ ಎಲ್‌ಎಲ್‌ವಿಎಂನಲ್ಲಿದ್ದ ಬಗ್‌ಗಳು ಒಂದೊಂದಾಗಿ ಹೊರಬಿದ್ದವು. ಸಿ ಕೋಡಿನಲ್ಲಿ ರಿಸ್ಟ್ರಿಕ್ಟ್ ಅಪರೂಪವಾದ್ದರಿಂದ ಆ ದಾರಿಯಲ್ಲಿ ಅಷ್ಟು ದಟ್ಟವಾಗಿ ಯಾರೂ ಓಡಾಡಿರಲಿಲ್ಲ. ರಸ್ಟ್ ತಂಡ ಆ ಸೌಲಭ್ಯವನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡಿ 2021ರಲ್ಲಿ ಅದನ್ನು ಮತ್ತೆ ಆನ್ ಮಾಡಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ: ಸಿ ಜೊತೆ ಬಲವಾದ ಆಪ್ಟಿಮೈಸರ್ ಇತ್ತು, ಮಾಹಿತಿ ಇರಲಿಲ್ಲ, ರಸ್ಟ್ ಮಾಹಿತಿ ತಂದಾಗ ಆಪ್ಟಿಮೈಸರ್ ಸಿದ್ಧವಿರಲಿಲ್ಲ.

ಆಪ್ಟಿಮೈಸೇಶನ್‌ಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಅಲೆನ್ (2006ರ ಟ್ಯೂರಿಂಗ್ ಪ್ರಶಸ್ತಿ ಅವರದು, ಅದನ್ನು ಪಡೆದ ಮೊದಲ ಮಹಿಳೆ) ಸಿ ಭಾಷೆಯಿಂದಾಗಿ ಈ ಕ್ಷೇತ್ರ ಬಹಳ ಹಿಂದೆ ಬಿತ್ತು ಎಂದು ಮುಚ್ಚುಮರೆಯಿಲ್ಲದೆ ದೂರುತ್ತಿದ್ದರು. ನನಗೆ ಆ ಮಾತು ತುಸು ಕಟುವೆನಿಸುತ್ತದೆ. ಸಿ ಬೆಳೆದದ್ದು ಪಿಡಿಪಿ-11ರಂಥ ಸಣ್ಣ ಯಂತ್ರದ ಮೇಲೆ ಯೂನಿಕ್ಸ್ ಬರೆಯುವುದಕ್ಕೆ, ಆ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ಅವರ ದೂರಿನ ತಿರುಳು ನಿಜ.

ಲೂಪ್ ಬಿಟ್ಟು ಮೆಮೊರಿಯನ್ನು ನೋಡಿ. ಒಂದು ಬೈಟಿನ ಫೀಲ್ಡ್, ನಾಲ್ಕು ಬೈಟಿನ ಪೂರ್ಣಾಂಕ, ಮತ್ತೆ ಒಂದು ಬೈಟಿನ ಫೀಲ್ಡ್, ಈ ಕ್ರಮದಲ್ಲಿ ಒಂದು ಸ್ಟ್ರಕ್ಟ್ (ಫೀಲ್ಡ್‌ಗಳ ಗುಂಪು) ಬರೆದರೆ ಸಿ-ಯಲ್ಲಿ ಅದು ಸಾಮಾನ್ಯವಾಗಿ 12 ಬೈಟ್ ತಿನ್ನುತ್ತದೆ. ಬರೆದ ಕ್ರಮದಲ್ಲೇ ಫೀಲ್ಡ್‌ಗಳು ಮೆಮೊರಿಯಲ್ಲಿ ಕೂರಬೇಕೆಂದು ಭಾಷೆ ಮಾತು ಕೊಟ್ಟಿರುವುದರಿಂದ ನಡುವೆ ಖಾಲಿ ಬೈಟ್ ತುಂಬಲೇಬೇಕು. ರಸ್ಟ್ ಅಂಥ ಮಾತು ಕೊಟ್ಟಿಲ್ಲ, ಫೀಲ್ಡ್‌ಗಳನ್ನು ಜರುಗಿಸಿ 8 ಬೈಟ್‌ನಲ್ಲಿ ಮುಗಿಸುತ್ತದೆ. 64 ಬೈಟ್‌ನ ಒಂದು ಕ್ಯಾಶ್ ಲೈನಿನಲ್ಲಿ (ಪ್ರೊಸೆಸರ್ ಮೆಮೊರಿಯಿಂದ ಒಂದು ಸಲಕ್ಕೆ ತರುವ ತುಂಡು) ಅಲ್ಲಿ 5 ಪೂರ್ತಿ ಹಿಡಿದರೆ ಇಲ್ಲಿ 8. ಇದಕ್ಕೆ ವಿಶೇಷ ಜಾಣ್ಮೆಯೇನೂ ಬೇಕಿಲ್ಲ, ಅನುಮತಿ ಇದ್ದರೆ ಸಾಕು.

ಸ್ಟ್ರಿಂಗ್‌ಗಳ ಕಥೆ ಇನ್ನೂ ದುಬಾರಿ. ಸಿ-ಯ ಸ್ಟ್ರಿಂಗ್ ತನ್ನ ಉದ್ದವನ್ನು ತಾನೇ ಇಟ್ಟುಕೊಳ್ಳುವುದಿಲ್ಲ, ಕೊನೆಯಲ್ಲೊಂದು ಸೊನ್ನೆ ಬೈಟ್ ಇರುತ್ತದೆ ಅಷ್ಟೆ. ಸ್ಟ್ರಿಂಗಿನಲ್ಲಿರುವ ಅಲ್ಪವಿರಾಮಗಳನ್ನೆಲ್ಲ ಕರೆದವರು ಕೊಟ್ಟ ಅಕ್ಷರದಿಂದ ಬದಲಿಸುವ ಲೂಪ್ ಬರೆದು, ಲೂಪಿನ ಷರತ್ತಿನಲ್ಲೇ ಉದ್ದ ಅಳೆಯುವ 'ಸ್ಟ್ರ್‌ಲೆನ್' ಫಂಕ್ಷನನ್ನು ಕರೆದಿರಿ ಎನ್ನಿ. ಉದ್ದ ಬದಲಾಗುವುದಿಲ್ಲ ಎಂದು ನಿಮಗೆ ಗೊತ್ತು. ಕಂಪೈಲರ್‌ಗೆ ಗೊತ್ತಿಲ್ಲ: ಕೊಟ್ಟ ಅಕ್ಷರ ಸೊನ್ನೆಯೇ ಆಗಿದ್ದರೆ ಸ್ಟ್ರಿಂಗ್ ಅಲ್ಲಿಗೇ ಮುಗಿಯುತ್ತದೆ! ಹಾಗಾಗಿ ಪ್ರತಿ ಸುತ್ತಿಗೂ ಉದ್ದ ಅಳೆಯುತ್ತ ಕೂರಬೇಕು. 2021ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್ ಆಟ ಲೋಡ್ ಆಗಲು ಹಲವು ನಿಮಿಷ ಹಿಡಿಯುತ್ತಿದ್ದುದರ ಗುಟ್ಟನ್ನು ಹೊರಗಿನವರೊಬ್ಬರು ಬಿಡಿಸಿದಾಗ ಸಿಕ್ಕ ಎರಡು ಕಾರಣಗಳಲ್ಲಿ ಒಂದು ಇದರ ಸೋದರಸಂಬಂಧಿಯೇ. ಸುಮಾರು 10 ಎಂಬಿ ಪಠ್ಯದಿಂದ ಒಂದೊಂದು ತುಣುಕು ಓದುವಾಗಲೂ ಲೈಬ್ರರಿ ಫಂಕ್ಷನ್ ಉಳಿದ ಪಠ್ಯದ ಉದ್ದವನ್ನು ಪೂರ್ತಿ ಅಳೆಯುತ್ತಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ಲೋಡ್ ಸಮಯ ಸುಮಾರು ಶೇ. 70ರಷ್ಟು ಇಳಿಯಿತು. ಉದ್ದವನ್ನು ಜೊತೆಗೇ ಇಟ್ಟುಕೊಳ್ಳುವ ಸ್ಟ್ರಿಂಗ್ ಇದ್ದಿದ್ದರೆ ಉದ್ದ ಅಳೆಯುವ ಆ ಖರ್ಚೇ ಇರುತ್ತಿರಲಿಲ್ಲ.

ಈಗ ನಿಮ್ಮ ಪೈಥಾನ್. ಸಿ-ಯಲ್ಲಿ ಎರಡು ಪೂರ್ಣಾಂಕ ಕೂಡುವುದು ಒಂದು ಇನ್‌ಸ್ಟ್ರಕ್ಷನ್. ಪೈಥಾನ್‌ನಲ್ಲಿ ಎ ಮತ್ತು ಬಿ ಕೂಡು ಎಂದರೆ ಅದರ ಅರ್ಥವೇ ಓಡುವ ತನಕ ಗೊತ್ತಿಲ್ಲ. ಸಂಖ್ಯೆಗಳಿರಬಹುದು, ಸ್ಟ್ರಿಂಗ್‌ಗಳಿರಬಹುದು, ಕೂಡುವುದಕ್ಕೆ ತನ್ನದೇ ಅರ್ಥ ಕೊಟ್ಟಿರುವ ನಿಮ್ಮ ಸ್ವಂತ ಕ್ಲಾಸ್ ಇರಬಹುದು. ಸಂಖ್ಯೆಯೇ ಆದರೂ ಅದು ಮೆಮೊರಿಯಲ್ಲಿ ಒಂದು ಆಬ್ಜೆಕ್ಟ್. 64 ಬಿಟ್ ಯಂತ್ರದಲ್ಲಿ 1 ಎಂಬ ಸಂಖ್ಯೆಗೆ 28 ಬೈಟ್. ಸಾಲದ್ದಕ್ಕೆ ಸಂಖ್ಯೆ ಎಷ್ಟು ದೊಡ್ಡದಾಗಿ ಬೆಳೆದರೂ ಓವರ್‌ಫ್ಲೋ ಆಗುವಂತಿಲ್ಲ. ಉದ್ದ ಹೇಳುವ 'ಲೆನ್' ಎಂಬ ಒಳಗಿನ ಫಂಕ್ಷನನ್ನು ಕೂಡ ಪ್ರೋಗ್ರಾಂ ನಡುವೆ ಯಾರು ಬೇಕಾದರೂ ಬದಲಿಸಬಹುದು. ಇವೆಲ್ಲ ಕೊರತೆಗಳಲ್ಲ. ಪೈಥಾನ್ ಇಷ್ಟು ಜನಕ್ಕೆ ಹಿಡಿಸಿರುವುದೇ ಇಂಥ ಸಲಿಗೆಗಳಿಂದ. ಆದರೆ ಪ್ರತಿ ಸಲಿಗೆಗೂ ಓಡುವಾಗ ಒಂದು ಪರೀಕ್ಷೆ ಬೇಕು.

ಕಂಪೈಲರ್ ಮಂದಿ ಸುಮ್ಮನೆ ಕೂತಿಲ್ಲ. 2022ರಲ್ಲಿ ಬಂದ ಪೈಥಾನ್ 3.11 ಒಂದು ಸಾಲಿನಲ್ಲಿ ಮತ್ತೆ ಮತ್ತೆ ಪೂರ್ಣಾಂಕಗಳೇ ಬರುತ್ತಿವೆ ಎಂದು ಗಮನಿಸಿ ಅಲ್ಲಿಗೆ ಪೂರ್ಣಾಂಕದ ಅಡ್ಡದಾರಿ ಹಾಕಿಕೊಳ್ಳುತ್ತದೆ. ಪೈಥಾನ್ ತಂಡದ ಬೆಂಚ್‌ಮಾರ್ಕ್‌ಗಳಲ್ಲಿ ಇದೂ ಸೇರಿ ಹಿಂದಿನ ಆವೃತ್ತಿಗಿಂತ ಸರಾಸರಿ ಶೇ. 25ರಷ್ಟು ವೇಗ ಸಿಕ್ಕಿತು. ಒಳ್ಳೆಯದೇ. ಆದರೆ ಅಡ್ಡದಾರಿಯ ಬಾಗಿಲಲ್ಲಿ 'ಈ ಸಲವೂ ಪೂರ್ಣಾಂಕವೇ ತಾನೆ?' ಎಂದು ಕೇಳುವ ಕಾವಲು ಹೋಗಲಿಲ್ಲ. ಪೈಥಾನ್ ಓಡಿಸುವ ಇನ್ನೊಂದು ವ್ಯವಸ್ಥೆಯಾದ ಪೈಪೈ ಇನ್ನೂ ಮುಂದೆ ಹೋಗಿ ಶುದ್ಧ ಪೈಥಾನ್ ಕೋಡನ್ನು ಹಲವು ಪಟ್ಟು ವೇಗಗೊಳಿಸುತ್ತದೆ. ಅದನ್ನು ಕಟ್ಟಿಹಾಕುವುದು ನಂಪೈನಂಥ ಸಿ ಲೈಬ್ರರಿಗಳ ಜೊತೆಗಿನ ಒಡನಾಟ. ಆ ಲೈಬ್ರರಿಗಳು ಮೂಲ ಪೈಥಾನ್‌ನ ಒಳಗಿನ ಆಬ್ಜೆಕ್ಟ್ ರಚನೆ, ರೆಫರೆನ್ಸ್ ಎಣಿಕೆ ಎಲ್ಲವನ್ನೂ ನಂಬಿಕೊಂಡು ಬರೆದಂಥವು. ಸ್ಟ್ಯಾಂಡರ್ಡಿನಲ್ಲಿ ಇರಲಿ ಬಿಡಲಿ, ಜನ ನಂಬಿಕೊಂಡದ್ದೆಲ್ಲ ಕಾಲಕ್ರಮೇಣ ಭಾಷೆಯ ಭಾಗವಾಗುತ್ತದೆ. ನಂಬಾ ಎಂಬ ಪೈಥಾನ್ ಕಂಪೈಲರ್ ಬಳಸಿದರೆ ಪೈಥಾನ್ ಲೂಪ್ ಸಿ ಹತ್ತಿರಕ್ಕೆ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ, ಏಕೆಂದರೆ ಅದು ಒಪ್ಪುವುದು ಸಂಖ್ಯೆ ಮತ್ತು ಅರೇಗಳ ಒಂದು ಸಣ್ಣ ಉಪಭಾಷೆಯನ್ನು. ಸಲಿಗೆಗಳನ್ನು ವಾಪಸ್ ಪಡೆದ ಮೇಲೆ ವೇಗ ಬಂತು.

ಜಾವಾಸ್ಕ್ರಿಪ್ಟ್‌ಗೂ ಕೊನೆಗೆ ಆದದ್ದು ಅದೇ. ವಿ8ರ ಮುಖ್ಯ ಉಪಾಯಗಳು ಹೊಸವಲ್ಲ. ಸ್ಮಾಲ್‌ಟಾಕ್ ಮತ್ತು ಸೆಲ್ಫ್ ಭಾಷೆಗಳ ಮೇಲೆ 1980ರ ದಶಕದಲ್ಲಿ ನಡೆದ ಸಂಶೋಧನೆಯಿಂದ ಬಂದವು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಪೈಪೋಟಿಗೆ ಬಿದ್ದು ಇದರ ಮೇಲೆ ಹಣ ಸುರಿದವು. ಅಷ್ಟಾದರೂ ಬ್ರೌಸರ್‌ನಲ್ಲಿ ಭಾರೀ ಆಟಗಳನ್ನು ಓಡಿಸಬೇಕೆಂದಾಗ 2013ರಲ್ಲಿ ಮೊಜಿಲ್ಲಾದವರು ಏಎಸ್‌ಎಂ ಡಾಟ್ ಜೆಎಸ್ ಎಂಬ ಕತ್ತರಿಸಿದ ಜಾವಾಸ್ಕ್ರಿಪ್ಟ್ ತಂದರು. ಅದರಲ್ಲಿ ಲೆಕ್ಕದ ಕೊನೆಗೆ ಸೊನ್ನೆಯೊಂದಿಗೆ ಬಿಟ್‌ವೈಸ್ ಆರ್ ಮಾಡಿ, ಇದು 32 ಬಿಟ್ ಪೂರ್ಣಾಂಕ ಎಂದು ಕಂಪೈಲರ್‌ಗೆ ಸನ್ನೆ ಮಾಡಬೇಕಿತ್ತು. ಈ ಕಣ್ಸನ್ನೆ ಬಾಯ್ಸನ್ನೆ ಸಾಕಾಗಿ 2017ರ ಹೊತ್ತಿಗೆ ಎಲ್ಲ ಪ್ರಮುಖ ಬ್ರೌಸರ್‌ಗಳೂ ವೆಬ್‌ಅಸೆಂಬ್ಲಿ ಎಂಬ, ಯಂತ್ರಕ್ಕೆ ಹತ್ತಿರದ ಭಾಷೆಯನ್ನು ಒಪ್ಪಿಕೊಂಡವು. ಅಂದರೆ, ಆಪ್ಟಿಮೈಸೇಶನ್‌ಗೆ ಅಷ್ಟು ಖರ್ಚು ಮಾಡಿದವರೂ ಕೊನೆಯ ಮೆಟ್ಟಿಲಿಗೆ ಹೊಸ ಭಾಷೆಯನ್ನೇ ಮಾಡಬೇಕಾಯಿತು.

ಇಷ್ಟು ಹೇಳಿದ ಮೇಲೆ, ಕಂಪೈಲರ್‌ಗೆ ಸ್ವಾತಂತ್ರ್ಯ ಕೊಟ್ಟಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಸಿ-ಯಲ್ಲಿ ಹಲವು ತಪ್ಪುಗಳಿಗೆ 'ಏನು ಬೇಕಾದರೂ ಆಗಬಹುದು' ಎಂದು ಬಿಟ್ಟಿದ್ದಾರೆ. ಆಪ್ಟಿಮೈಸರ್ ಇದನ್ನು ಓದಿಕೊಳ್ಳುವುದು 'ಆ ತಪ್ಪು ಎಂದೂ ನಡೆಯುವುದೇ ಇಲ್ಲ' ಎಂದು. 2009ರಲ್ಲಿ ಲಿನಕ್ಸ್ ಕರ್ನಲ್‌ನ ಟನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಫಂಕ್ಷನ್ ಮೊದಲ ಸಾಲಿನಲ್ಲಿ ಪಾಯಿಂಟರ್ ಮೂಲಕ ಒಂದು ಬೆಲೆ ಓದಿಕೊಂಡು, ಆಮೇಲೆ ಆ ಪಾಯಿಂಟರ್ ನಲ್ ಆಗಿದ್ದರೆ (ಎಲ್ಲಿಗೂ ತೋರಿಸದಿದ್ದರೆ) ವಾಪಸ್ ಹೋಗು ಎಂದು ಪರೀಕ್ಷಿಸುತ್ತಿತ್ತು. ಕ್ರಮ ತಪ್ಪು, ನಿಜ. ಜಿಸಿಸಿ ಲೆಕ್ಕ ಹಾಕಿತು: ಮೇಲೆ ಆಗಲೇ ಓದಿಯಾಗಿದೆ, ನಲ್ ಆಗಿದ್ದರೆ ಓದುವಂತೆಯೇ ಇರಲಿಲ್ಲ, ಆದ್ದರಿಂದ ಇದು ನಲ್ ಅಲ್ಲ, ಪರೀಕ್ಷೆ ವ್ಯರ್ಥ. ಪರೀಕ್ಷೆಯನ್ನೇ ಅಳಿಸಿಹಾಕಿತು. ಪರಿಣಾಮವಾಗಿ, ಸಾಮಾನ್ಯ ಬಳಕೆದಾರ ಕರ್ನಲ್‌ನ ಅಧಿಕಾರ ಕಸಿಯಬಹುದಾದ ತೂತು ಉಳಿಯಿತು. ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ, ಓದಿ ನೋಡಿ.

ಆಮೇಲೆ ಕರ್ನಲ್‌ನವರು ಅಂಥ ನಲ್ ಪರೀಕ್ಷೆಗಳನ್ನು ಅಳಿಸಬೇಡ ಎಂದು ಕಂಪೈಲರ್‌ಗೆ ಹೇಳುವ ಫ್ಲ್ಯಾಗ್ ಹಾಕಿಯೇ ಕಂಪೈಲ್ ಮಾಡತೊಡಗಿದರು. ಪಾಯಿಂಟರ್ ಟೈಪ್ ನೋಡಿ ಊಹೆ ಮಾಡಬೇಡ, ಪೂರ್ಣಾಂಕ ಓವರ್‌ಫ್ಲೋ ಆಗುವುದೇ ಇಲ್ಲ ಎಂದುಕೊಳ್ಳಬೇಡ ಎಂಬ ಫ್ಲ್ಯಾಗ್‌ಗಳೂ ಅಲ್ಲಿವೆ. ಲಿನಕ್ಸ್ ಬರೆಯುತ್ತಿರುವುದು ಸ್ಟ್ಯಾಂಡರ್ಡ್ ಸಿ-ಯಲ್ಲಿ ಅಲ್ಲವೇ ಅಲ್ಲ. ಫ್ಲ್ಯಾಗ್‌ಗಳಿಂದ ತಿದ್ದಿಕೊಂಡ ತನ್ನದೇ ಸಿ-ಯಲ್ಲಿ. ಭಾಷಾ ವಿನ್ಯಾಸದ ಕೆಲಸವನ್ನು ಮೇಕ್‌ಫೈಲ್‌ನಲ್ಲಿ (ಹೇಗೆ ಕಂಪೈಲ್ ಮಾಡಬೇಕೆಂದು ಬರೆದಿಡುವ ಕಡತ) ಮಾಡಿದ್ದಾರೆ, ಅಷ್ಟೆ.

ನಿಮ್ಮ ಎಂ.ಟೆಕ್. ಪ್ರಶ್ನೆಗೆ ಬರುವ ಮುನ್ನ ಒಂದು ಹಳೆಯ ಚಾಟಿಯೇಟು ಹೇಳಬೇಕು. 1998ರಲ್ಲಿ ಟಾಡ್ ಪ್ರೋಬ್‌ಸ್ಟಿಂಗ್ ಎಂಬ ಸಂಶೋಧಕರು ಅರ್ಧ ತಮಾಷೆಗೆ ಒಂದು 'ನಿಯಮ' ಹೇಳಿದರು: ಹಾರ್ಡ್‌ವೇರ್ 18 ತಿಂಗಳಿಗೊಮ್ಮೆ ವೇಗ ಇಮ್ಮಡಿ ಮಾಡಿದರೆ, ಕಂಪೈಲರ್ ಆಪ್ಟಿಮೈಸೇಶನ್ ಅದನ್ನು ಮಾಡಲು 18 ವರ್ಷ ತೆಗೆದುಕೊಳ್ಳುತ್ತದೆ. ಆಪ್ಟಿಮೈಸೇಶನ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಓಡಿಸಿದರೆ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ಅದಕ್ಕೆ ಹಿಡಿದದ್ದು 36 ವರ್ಷ, ಎಂಬುದು ಅವರ ಸರಳ ಲೆಕ್ಕ. ಹಾಗಾಗಿ ಸಂಶೋಧಕರು ಪ್ರೋಗ್ರಾಮರ್‌ಗಳ ಉತ್ಪಾದಕತೆಯ ಕಡೆ ಗಮನ ಕೊಡಲಿ ಎಂದರು. ಭಾಷಾ ವಿನ್ಯಾಸದವರಿಗೆ ಇದು ಸಿಹಿ ಮಾತು.

ನಾನು ಒಪ್ಪುವುದಿಲ್ಲ. ಆ ಲೆಕ್ಕ ಒಂದೇ ಹಳೆಯ ಕೋಡನ್ನು ಎರಡು ರೀತಿ ಕಂಪೈಲ್ ಮಾಡಿ ನೋಡುತ್ತದೆ. ಆಪ್ಟಿಮೈಸರ್‌ನ ನಿಜವಾದ ಉಪಕಾರ ಇರುವುದು ಅದಿಲ್ಲದಿದ್ದರೆ ನಾವು ಬರೆಯುವ ಧೈರ್ಯವನ್ನೇ ಮಾಡದ ಕೋಡಿನಲ್ಲಿ. ರಸ್ಟ್‌ನಲ್ಲಿ ಪಟ್ಟಿಯೊಂದನ್ನು ಸೋಸಿ, ಪ್ರತಿಯೊಂದನ್ನೂ ಬದಲಿಸಿ, ಕೊನೆಗೆ ಕೂಡಿಸು ಎಂದು ಮೂರು ಇಟರೇಟರ್‌ಗಳ ಸರಣಿ ಬರೆಯುತ್ತೇವೆ. ಹೆಚ್ಚಿನ ಸಲ ಆಪ್ಟಿಮೈಸರ್ ಅದರ ಪದರಗಳನ್ನೆಲ್ಲ ಸುಲಿದು ಕೈಯಿಂದ ಬರೆದಂಥ ಒಂದೇ ಲೂಪ್ ಉಳಿಸುತ್ತದೆ. ಅದೇ ಕೋಡನ್ನು ಆಪ್ಟಿಮೈಸೇಶನ್ ಇಲ್ಲದ ಡೀಬಗ್ ಬಿಲ್ಡ್‌ನಲ್ಲಿ ಓಡಿಸಿದರೆ ತೆವಳುತ್ತದೆ. ಸಿ ಪ್ಲಸ್ ಪ್ಲಸ್ ಟೆಂಪ್ಲೇಟ್‌ಗಳದ್ದೂ ಇದೇ ಹಾಡು. ಇನ್‌ಲೈನಿಂಗ್ (ಫಂಕ್ಷನ್ ಕರೆಯುವ ಬದಲು ಅದರ ಕೋಡನ್ನೇ ಅಲ್ಲಿ ತಂದಿಡುವುದು) ಗಟ್ಟಿಯಾಗಿ ಕೆಲಸ ಮಾಡುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಈ ಭಾಷೆಗಳನ್ನು ಹೀಗೆ ರೂಪಿಸುತ್ತಲೇ ಇರಲಿಲ್ಲ. ಭಾಷೆ ಗೆರೆ ಎಳೆಯುತ್ತದೆ ಎಂದೆನಲ್ಲ, ಆ ಗೆರೆಯನ್ನು ಎಷ್ಟು ದೂರ ಎಳೆಯಬಹುದು ಎನ್ನುವ ಧೈರ್ಯ ಬರುವುದು ಆಪ್ಟಿಮೈಸರ್‌ನಿಂದ.

ಹಾಗಾಗಿ ಎಂ.ಟೆಕ್.ಗೆ ಎರಡರಲ್ಲಿ ಒಂದನ್ನು ಹಿಡಿದು ಇನ್ನೊಂದಕ್ಕೆ ಬೆನ್ನು ತಿರುಗಿಸಲು ಆಗುವುದಿಲ್ಲ. ಎರಡೂ ಸೇರುವ ಕಡೆಯೇ ಈಗ ಕೆಲಸ ಚುರುಕಾಗಿದೆ, ಅದರ ಒಂದು ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದಯ್ ಬೊಂಡುಗುಲ ಅವರ ತಂಡ 2015ರಲ್ಲಿ ಪಾಲಿಮೇಜ್ ಎಂಬ ಚಿತ್ರಸಂಸ್ಕರಣೆಯ ಪುಟ್ಟ ಭಾಷೆಯನ್ನೂ ಅದರ ಕಂಪೈಲರನ್ನೂ ಪ್ರಕಟಿಸಿತು. ಅದರಲ್ಲಿ ಪ್ರತಿ ಹಂತದ ಪ್ರತಿ ಪಿಕ್ಸೆಲ್‌ನ ಬೆಲೆ ಏನೆಂದು ಮಾತ್ರ ನೀವು ಬರೆಯುತ್ತೀರಿ. ಯಾವ ಕ್ರಮದಲ್ಲಿ ಲೆಕ್ಕ ಹಾಕಬೇಕು, ಮಧ್ಯದ ಫಲಿತಾಂಶ ಎಲ್ಲಿಡಬೇಕು ಎಂದು ಬರೆಯುವುದಿಲ್ಲ. ಅದನ್ನು ಹೇಳದೆ ಬಿಟ್ಟದ್ದರಿಂದಲೇ ಕಂಪೈಲರ್ ಹಂತಗಳನ್ನು ಬೆಸೆದು, ಚಿತ್ರವನ್ನು ಕ್ಯಾಶ್‌ಗೆ ಹಿಡಿಸುವ ತುಂಡುಗಳಾಗಿ ಹೋಳು ಮಾಡಿ, ಪ್ರೊಸೆಸರ್‌ನ ಕೋರ್‌ಗಳಿಗೆ ಹಂಚಬಲ್ಲುದು. ಇದನ್ನೇ ಮಾಮೂಲಿ ಸಿ ಲೂಪ್‌ಗಳಾಗಿ ಬರೆದಿದ್ದರೆ ಆ ಕ್ರಮವನ್ನು ಮುರಿಯುವುದಕ್ಕೇ ಕಂಪೈಲರ್ ಹೆಣಗಬೇಕಿತ್ತು. ಅಮೆರಿಕದಲ್ಲಿ ಎಂಐಟಿಯಿಂದ ಬಂದ ಹ್ಯಾಲೈಡ್ ಇದೇ ಜಾಡಿನದು, ಅಲ್ಲಿ ಕ್ರಮವನ್ನು ಪ್ರೋಗ್ರಾಮರ್ ಬೇರೆಯಾಗಿ ಬರೆದುಕೊಡಬಹುದು. ಎಐ ಮಾದರಿಗಳನ್ನು ಬೇರೆ ಬೇರೆ ಚಿಪ್‌ಗಳಿಗೆ ಇಳಿಸುವ ಕಂಪೈಲರ್‌ಗಳು ಇವತ್ತು ಇದೇ ವಿಚಾರದ ಮೇಲೆ ನಿಂತಿವೆ.

ಕೆಲಸದ ಲೆಕ್ಕಾಚಾರ ಕೇಳಿದರೆ ನೇರವಾಗಿ ಹೇಳುತ್ತೇನೆ: ಭಾಷಾ ವಿನ್ಯಾಸಕಿ ಬೇಕಾಗಿದ್ದಾರೆ ಎಂಬ ಜಾಹೀರಾತು ನೀವು ನೋಡುವುದು ಅಪರೂಪ. ಕಂಪೈಲರ್ ಎಂಜಿನಿಯರ್ ಬೇಕು ಎಂಬುದು ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಸಾಮಾನ್ಯ. ಆದ್ದರಿಂದ ಹೊಟ್ಟೆಪಾಡಿಗೆ ಆಪ್ಟಿಮೈಸೇಶನ್ ಕಲಿಯಿರಿ, ಪ್ರಬಂಧಕ್ಕೆ ಮಾತ್ರ 'ಕಂಪೈಲರ್‌ಗೆ ಯಾವ ಮಾಹಿತಿ ತಲುಪುತ್ತಿಲ್ಲ, ಅದನ್ನು ಭಾಷೆಯಿಂದ ಹೇಗೆ ಹೇಳಿಸಬಹುದು' ಎನ್ನುವಂಥ ಪ್ರಶ್ನೆ ಹುಡುಕಿ. ಅದಕ್ಕೂ ಮುನ್ನ ಈ ರಜೆಯಲ್ಲಿ, ಮೇಲೆ ಹೇಳಿದ ಮೂರು ಪಾಯಿಂಟರ್ ಫಂಕ್ಷನನ್ನು ಕಂಪೈಲರ್ ಎಕ್ಸ್‌ಪ್ಲೋರರ್ ತಾಣದಲ್ಲಿ ಹಾಕಿ ಅಸೆಂಬ್ಲಿ ಓದಿ. ರಿಸ್ಟ್ರಿಕ್ಟ್ ಸೇರಿಸಿದಾಗ ಯಾವ ಸಾಲುಗಳು ಮಾಯವಾಗುತ್ತವೆ ಗುರುತು ಮಾಡಿ. ಅದನ್ನೇ ರಸ್ಟ್‌ನಲ್ಲಿ ಇಂಡೆಕ್ಸ್ ಬಳಸಿ ಬರೆದರೆ ಪಾಯಿಂಟರ್ ಪರೀಕ್ಷೆ ಹೋಗಿ, ಆ ಜಾಗದಲ್ಲಿ ಅರೇ ಗಡಿ ದಾಟಿತೇ ಎಂಬ ಪರೀಕ್ಷೆ ಬಂದು ಕೂತಿರುತ್ತದೆ. ಲೂಪಿಗೆ ಮೊದಲೇ ಮೂರೂ ಸ್ಲೈಸ್‌ಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿಕೊಂಡರೆ ಅದೂ ಹೋಗುತ್ತದೆ. ಓದಲು ಶುರು ಮಾಡುವುದಾದರೆ ಐಐಎಸ್‌ಸಿಯ ವೈ. ಎನ್. ಶ್ರೀಕಾಂತ್ ಅವರ ಕಂಪೈಲರ್ ಉಪನ್ಯಾಸಗಳು ಎನ್‌ಪಿಟೆಲ್‌ನಲ್ಲಿ ಪುಕ್ಕಟೆ ಇವೆ. ಪಾರ್ಸಿಂಗ್ ನಿಮ್ಮ ಸಿಲೆಬಸ್‌ನಲ್ಲೇ ಬೇಕಾದಷ್ಟು ಆಗಿರುತ್ತದೆ, ಅದನ್ನು ದಾಟಿ ಡೇಟಾ ಫ್ಲೋ ಅನಾಲಿಸಿಸ್ ಪಾಠಗಳಿಗೆ ಹೋಗಿ.